ಕ್ಯಾಬಿನ್ನಿನ ಎರಡನೇ ಸೀಟು

ಲಾರಿಯವರಿಗೆ ಇನ್ಶೂರೆನ್ಸ್ ಅರ್ಥ ಮಾಡಿಸುವುದೆಂದರೆ ಬಂಡೆಗೆ ತಲೆ ಚಚ್ಚಿಕೊಳ್ಳುವ ಕೆಲಸ. ಇಪ್ಪತ್ತೆರಡು ವರ್ಷದಿಂದ ಚಚ್ಚಿಕೊಳ್ಳುತ್ತಿದ್ದೇನೆ. ಟೈರ್ ಅಂಗಡಿಯ ಮೇಲೆ ನನ್ನ ಆಫೀಸು. ಒಂದು ಮೇಜು, ಬಂದವರಿಗೆ ಎರಡು ಕುರ್ಚಿ, ತಿರುಗಿದರೆ ಕಿರುಗುಟ್ಟುವ ಫ್ಯಾನು, ಕೆಳಗಿನಿಂದ ಸದಾ ಬರುವ ರಬ್ಬರಿನ ವಾಸನೆ. ಕಬ್ಬಿಣದ ಮೆಟ್ಟಿಲು ದಡದಡ ಹತ್ತಿ ಬರುವ ಪ್ರತಿಯೊಬ್ಬನೂ ಹೇಳುವುದು ಒಂದೇ ಮಾತು: "ಅಕ್ಕಾ, ಫುಲ್ ಮಾಡ್ಬಿಡಿ." ಫುಲ್ ಅಂದರೆ ಸವೆದ ಟೈರಿನಿಂದ ಹಿಡಿದು ಹೆಂಡತಿಯ ಮುನಿಸಿನವರೆಗೆ ಎಲ್ಲವನ್ನೂ ಕಂಪನಿಯೇ ನೋಡಿಕೊಳ್ಳುತ್ತದೆ ಎಂದು ಅವರ ನಂಬಿಕೆ.

ಅದಕ್ಕೇ ನಾನು ಮೇಜಿನ ಮೇಲೆ ಒಂದು ಆಟ ಹೂಡುತ್ತೇನೆ. ಸ್ಟೇಪ್ಲರ್ ಲಾರಿ. ನೀರಿನ ಲೋಟ ರಸ್ತೆಯಲ್ಲಿ ಹೋಗುವ ಬೇರೆಯವರು. ಸ್ಟೇಪ್ಲರಿನ ಬೆನ್ನ ಮೇಲಿನ ರಬ್ಬರ್ ತುಂಡು ಸರಕು. ಅದರ ಮೂತಿಯ ಹತ್ತಿರ ಎರಡು ಗುಂಡುಪಿನ್ನು, ಒಳಗೆ ಕೂತವರು. "ನೋಡು, ನಿನ್ನ ಲಾರಿ ಲೋಟಕ್ಕೆ ಗುದ್ದಿದರೆ ಒಂದು ರಕ್ಷಣೆ. ಅದನ್ನ ಕಾನೂನು ಬಿಡೋದಿಲ್ಲ, ಮಾಡಿಸಲೇಬೇಕು. ಸ್ಟೇಪ್ಲರಿಗೇ ಏಟಾದರೆ ಇನ್ನೊಂದು. ರಬ್ಬರ್ ನೀರಲ್ಲಿ ಬಿದ್ದರೆ ಮೂರನೇದು. ಗುಂಡುಪಿನ್ನಿಗೆ ಪೆಟ್ಟಾದರೆ ನಾಲ್ಕನೇದು. ಒಂದರ ದುಡ್ಡು ಇನ್ನೊಂದಕ್ಕೆ ಬರಲ್ಲ." ಎಲ್ಲರೂ ತಲೆಯಾಡಿಸುತ್ತಾರೆ. ಮೊದಲನೆಯದನ್ನು ಮಾತ್ರ ಮಾಡಿಸಿ ಕೈತೊಳೆದುಕೊಳ್ಳುತ್ತಾರೆ.

ನಾಲ್ಕನೆಯದು ನಮ್ಮ ಕಂಪನಿಯಲ್ಲಿ ಹೆಸರಿನ ಮೇಲೆ ನಡೆಯುತ್ತದೆ. ಕಾಗದದಲ್ಲಿ ಯಾರ ಹೆಸರಿದೆಯೋ ಅವರಿಗೆ ಪೆಟ್ಟಾದರೆ ಮಾತ್ರ ಹಣ. ಕ್ಲೀನರ್ ಬದಲಾದರೆ ಹೆಸರೂ ಬದಲಾಗಬೇಕು. ಇದನ್ನು ಗಂಟಲು ಹರಿಯುವಂತೆ ಹೇಳಿಕೊಂಡು ಬಂದವಳು ನಾನು. ಹೇಳಿದ್ದನ್ನು ನಾನೇ ಪಾಲಿಸಲಿಲ್ಲ ಎನ್ನುವುದು ಈ ಕತೆ.

ಅವನನ್ನು ಲಾರಿ ಸ್ಟ್ಯಾಂಡಿನಲ್ಲಿ ಎಲ್ಲರೂ ನಿಧಾನಣ್ಣ ಅನ್ನುತ್ತಿದ್ದರು. ಸ್ವಂತ ಲಾರಿ, ಸ್ವಂತ ಡ್ರೈವಿಂಗು. ಹಿಂದಿನವರು ಹಾರನ್ ಹೊಡೆದು ಹೊಡೆದು ಸುಸ್ತಾಗಿ ಪಕ್ಕದಿಂದ ನುಗ್ಗಿ ಹೋಗುವಾಗ ಬೈದರೆ, ಕಿಟಕಿಯಿಂದ ಕೈಯೆತ್ತಿ ನಮಸ್ಕಾರ ಮಾಡುವ ಆಸಾಮಿ. ಮೊದಲ ಸಲ ನನ್ನಲ್ಲಿಗೆ ಬಂದಾಗ ಜೊತೆಗೆ ಹೆಂಡತಿ ಇದ್ದಳು. ಮದುವೆಯಾಗಿ ಆರು ತಿಂಗಳು. ಅವಳು ಬಂದವಳೇ ಕುರ್ಚಿ ಎಳೆದು ಕೂತಳು, ಅವನು ಬಾಗಿಲ ಬಳಿ ನಿಂತ. ನನ್ನ ಸ್ಟೇಪ್ಲರ್ ಆಟವನ್ನು ಕಣ್ಣು ಮಿಟುಕಿಸದೆ ನೋಡಿ, ಗುಂಡುಪಿನ್ನು ಎರಡನ್ನೂ ಬೆರಳಲ್ಲಿ ಮುಟ್ಟಿ ಕೇಳಿದಳು.

"ಇವೆರಡು ಯಾರು ಅಕ್ಕಾ?"

"ಒಂದು ನಿನ್ನ ಗಂಡ. ಇನ್ನೊಂದು ಕ್ಲೀನರ್."

"ಹಾಗಾದ್ರೆ ನನ್ನ ಹೆಸರು ಬರ್ಕೊಳಿ. ಕ್ಲೀನರ್ ನಾನೇ."

ನಾನು ನಕ್ಕೆ. ಅವನು ನಾಚಿ ಮೆಟ್ಟಿಲ ಕಡೆ ನೋಡಿದ. ಆದರೆ ಅವಳು ತಮಾಷೆ ಮಾಡಿರಲಿಲ್ಲ. ಹನ್ನೊಂದು ವರ್ಷ ಅವಳು ಆ ಲಾರಿಯ ಕ್ಲೀನರ್ ಆಗಿದ್ದಳು. ಹಗ್ಗ ಬಿಗಿಯುವುದು, ಟಾರ್ಪಾಲು ಹೊದಿಸುವುದು, ಕಬ್ಬಿಣದ ಸರಳಿನಿಂದ ಬಡಿದು ಟೈರಿನ ಗಾಳಿ ನೋಡುವುದು ಎಲ್ಲ ಅವಳೇ. ಚಕ್ರದ ಮರೆಯಲ್ಲಿ ಸ್ಟೋವ್ ಹಚ್ಚಿ ಅಡುಗೆಯನ್ನೂ ಅವಳೇ ಮಾಡುತ್ತಿದ್ದಳು. ಮಕ್ಕಳಿರಲಿಲ್ಲ. ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಕೋಣೆ ಇತ್ತು, ಅದು ಬಟ್ಟೆ ಒಣಗಿಸುವುದಕ್ಕಷ್ಟೇ. ಮೊದಮೊದಲು ಗೇಲಿ ಮಾಡಿದ ಡ್ರೈವರ್‌ಗಳು ಆಮೇಲೆ ಅವಳನ್ನು ಅತ್ತಿಗೆ ಅಂದರು, ಹಗ್ಗದ ಗಂಟು ಕಲಿಯಲು ಅವಳ ಹತ್ತಿರವೇ ಬಂದರು.

ಒಂದು ವಿಷಯದಲ್ಲಿ ಮಾತ್ರ ಅವಳದ್ದು ಎಲ್ಲರಿಗಿಂತ ಬೇರೆ. ಲಾರಿ ಹಿಂದಕ್ಕೆ ಬರುವಾಗ ಕ್ಲೀನರ್ ಹಿಂದೆ ನಿಂತು ಹಲಗೆ ತಟ್ಟುತ್ತಾನಲ್ಲ, ನಮ್ಮ ಕಡೆಯ ರೂಢಿಯಲ್ಲಿ ಒಂದು ಸಲ ತಟ್ಟಿದರೆ ಬಾ, ಎರಡು ಸಲ ತಟ್ಟಿದರೆ ನಿಲ್ಲು. ಅವಳು ಇದನ್ನು ತಿರುಗಾಮುರುಗಾ ಮಾಡಿದಳು. ಎರಡು ತಟ್ಟಿದರೆ ಬಾ, ಒಂದು ತಟ್ಟಿದರೆ ನಿಲ್ಲು. "ಅಪಾಯ ಬಂದಾಗ ಎರಡು ಸಲ ತಟ್ಟೋಕೆ ಪುರುಸೊತ್ತು ಎಲ್ಲಿರುತ್ತೆ ಅಕ್ಕಾ?" ಅಂದಿದ್ದಳು. ಅವಳ ಮಾತು ಸರಿಯೇ ಇತ್ತು. ಆ ಹನ್ನೊಂದು ವರ್ಷದಲ್ಲಿ ಅವರ ಲಾರಿ ಹಿಂದಕ್ಕೆ ಬರುವಾಗ ಒಂದು ಗೋಡೆಯನ್ನೂ ಸವರಲಿಲ್ಲ.

ಆಮೇಲೆ ನಿಧಾನಣ್ಣ ಊರಿನ ಆ ತುದಿಯ ಸ್ಟ್ಯಾಂಡಿಗೆ ಹೋಗಿಬಿಟ್ಟ. ಅಲ್ಲಿ ಬಾಡಿಗೆ ಚೆನ್ನಾಗಿ ಸಿಗುತ್ತದೆ ಅಂದ. ಅಲ್ಲಿಂದಾಚೆಗೆ ನಮ್ಮಿಬ್ಬರ ನಡುವೆ ವರ್ಷಕ್ಕೊಂದು ಫೋನು.

"ಏನಪ್ಪಾ ನಿಧಾನಣ್ಣ, ಪಾಲಿಸಿ ಮುಗೀತಾ ಬಂತು. ಹೋದ ವರ್ಷದ್ದೇ ಮುಂದುವರಿಸ್ಲಾ?"

"ಮುಂದುವರಿಸಿ ಅಕ್ಕಾ."

"ಹೆಂಡ್ತಿ ಚೆನ್ನಾಗಿದಾಳಾ?"

"ಹೂಂ ಅಕ್ಕಾ. ಚೆನ್ನಾಗಿದಾಳೆ."

"ಈಗಲೂ ಹಗ್ಗ ಅವಳೇ ಬಿಗೀತಾಳಾ, ನಿನಗೂ ಒಂಚೂರು ಬಿಡ್ತಾಳಾ?"

"ಅವಳೇ ಅಕ್ಕಾ. ನಾನು ಬಿಗಿದ್ರೆ ಅವಳಿಗೆ ಸಮಾಧಾನ ಇಲ್ಲ."

ಇಷ್ಟೇ. ನಾನು ಹಳೆಯ ಕಾಗದ ನೋಡಿ ಹೊಸದನ್ನು ತುಂಬುತ್ತಿದ್ದೆ. ಎರಡು ಹೆಸರು, ಎರಡು ಸೀಟು, ಅಂಚೆಯಲ್ಲಿ ರವಾನೆ. ಮೂರು ವರ್ಷ ಹೀಗೇ ನಡೆಯಿತು. ನಾಲ್ಕನೇ ವರ್ಷ "ಹೆಸರೆಲ್ಲ ಅದೇ ಅಲ್ವಾ?" ಎಂದು ಕೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಎಂಜಿನ್ ಸದ್ದು ಮಾತ್ರ ಬಂತು. ಆಮೇಲೆ "ಅದೇ ಅಕ್ಕಾ" ಅಂದ. ನನಗೆ ಆ ದಿನ ಇನ್ನೂ ಹನ್ನೆರಡು ಫೋನು ಮಾಡುವುದಿತ್ತು.

ಅದಾಗಿ ತಿಂಗಳಿಗೆ ಅವನ ಫೋನು ಬಂತು. ತಾನಾಗಿ ಅವನು ಫೋನು ಮಾಡಿದ್ದು ಅದೇ ಮೊದಲು.

"ಅಕ್ಕಾ, ಆಸ್ಪತ್ರೇಲಿದೀನಿ. ತಾತನ ಸೊಂಟದ ಮೂಳೆ ಮುರಿದಿದೆ. ಆಪರೇಷನ್ ಮಾಡ್ಬೇಕಂತೆ. ನೀವು ಒಂಚೂರು ಬನ್ನಿ."

ಯಾವ ತಾತ ಎಂದು ಕೇಳುವಷ್ಟರಲ್ಲಿ ಫೋನು ಕಟ್ಟಾಗಿತ್ತು. ಫೈಲು ಬಗಲಿಗಿಟ್ಟುಕೊಂಡು ಹೋದೆ. ಆಸ್ಪತ್ರೆಯ ಉದ್ದನೆಯ ಬೆಂಚಿನ ತುದಿಯಲ್ಲಿ ಅವನೊಬ್ಬನೇ ಕೂತಿದ್ದ. ಎಷ್ಟು ತೆಳ್ಳಗಾಗಿದ್ದನೆಂದರೆ ಮೊದಲು ಅವನ ಮುಂದೆಯೇ ಹಾದುಹೋದೆ.

ತಾತ ಅಂದರೆ ಆ ಸ್ಟ್ಯಾಂಡಿನ ಹಳೇ ಕ್ಲೀನರ್. ಅರವತ್ತು ದಾಟಿದವನು, ಕೆಲಸ ಕೊಡುವವರಿಲ್ಲದೆ ಚಹಾದಂಗಡಿಯ ಮುಂದೆ ಕೂತಿರುತ್ತಿದ್ದವನು. ನಿಧಾನಣ್ಣ ಐದು ತಿಂಗಳ ಹಿಂದೆ ಅವನನ್ನು ಜೊತೆಗೆ ಕರೆದುಕೊಂಡಿದ್ದ. ಬಂದ ಮೊದಲ ದಿನವೇ ತಟ್ಟುವ ಲೆಕ್ಕ ಹೇಳಿಕೊಟ್ಟಿದ್ದ: ಎರಡು ಅಂದರೆ ಬಾ, ಒಂದು ಅಂದರೆ ನಿಲ್ಲು. ತಾತ "ಇದೆಂಥಾ ತಲೆಕೆಳಗು ಪದ್ಧತಿನಪ್ಪಾ" ಎಂದು ಗೊಣಗಿದರೂ ಕಲಿತುಕೊಂಡ. ಆ ದಿನ ಗೋದಾಮಿನ ಕಟ್ಟೆಗೆ ಲಾರಿ ಹಿಂದಕ್ಕೆ ಹಾಕುವಾಗ ತಾತನ ಕಾಲು ಜಾರಿ, ಕಟ್ಟೆಗೂ ಲಾರಿಗೂ ನಡುವೆ ಸಿಕ್ಕಿಕೊಂಡ. ಗಾಬರಿಯಲ್ಲಿ ಕೈ ನಲವತ್ತು ವರ್ಷದ ಅಭ್ಯಾಸಕ್ಕೆ ಹೋಯಿತು. ಎರಡು ಸಲ ತಟ್ಟಿದ. ನಿಧಾನಣ್ಣನ ಕಿವಿಗೆ ಎರಡು ಅಂದರೆ ಬಾ. ಅವನು ಬಂದ.

"ನಾನು ನಿಧಾನಕ್ಕೇ ಬಂದೆ ಅಕ್ಕಾ," ಅಂದ. "ನಿಧಾನಕ್ಕೇ ಬಂದೆ." ಅದನ್ನೇ ಮೂರು ಸಲ ಹೇಳಿದ.

ಆಮೇಲೆ ಮುಖ ಒರೆಸಿಕೊಂಡು ಕೇಳಿದ: "ತಾತನಿಗೆ ಕಂಪನಿಯಿಂದ ಬರುತ್ತಲ್ಲಾ? ಆ ಸೀಟಿಗೆ ಒಂದು ವರ್ಷಾನೂ ತಪ್ಪಿಸದೆ ಕಟ್ಟಿದೀನಿ."

ನಾನು ಫೈಲು ಬಿಚ್ಚಿದೆ. ಎರಡನೇ ಸೀಟಿನ ಮುಂದೆ ಅವನ ಹೆಂಡತಿಯ ಹೆಸರು, ನನ್ನದೇ ಅಕ್ಷರದಲ್ಲಿ.

"ಇಲ್ಲಿ ನಿನ್ನ ಹೆಂಡ್ತಿ ಹೆಸರಿದೆಯಲ್ಲೋ! ತಾತ ಬಂದ ಮೇಲೆ ಯಾಕೆ ಹೇಳಲಿಲ್ಲ? ಅವಳು ಲಾರಿ ಬಿಟ್ಟು ಎಷ್ಟು ದಿನ ಆಯ್ತು? ಈಗ ಎಲ್ಲಿದಾಳೆ?" ನನಗೆ ಸಿಟ್ಟು ನೆತ್ತಿಗೇರಿತ್ತು. ಪಕ್ಕದ ಬೆಂಚಿನವರು ತಿರುಗಿ ನೋಡಿದರು.

"ಅವಳು ಹೋಗಿ ನಾಲ್ಕು ವರ್ಷ ಆಯ್ತು ಅಕ್ಕಾ."

"ಎಲ್ಲಿಗೆ ಹೋದಳು?" ಎಂದು ಕೇಳಿದೆ. ನನ್ನ ಬಾಯಿಗಿಷ್ಟು ಬೆಂಕಿ ಬೀಳ. ಕೇಳಿ ಮುಗಿಸುವಷ್ಟರಲ್ಲಿ ಅವನ ಮುಖ ನೋಡಿ ಅರ್ಥವಾಯಿತು.

ಹೊಟ್ಟೆಯೊಳಗೆ ಗಡ್ಡೆಯಂತೆ. ಎರಡು ತಿಂಗಳಲ್ಲಿ ಮುಗಿಯಿತಂತೆ. ನಮ್ಮ ಸ್ಟ್ಯಾಂಡಿನಲ್ಲಿ ದಿನಕ್ಕೆ ಹತ್ತು ಜನ ಅತ್ತಿಗೆ ಎಲ್ಲಿ, ಅತ್ತಿಗೆ ಎಲ್ಲಿ ಎಂದು ಕೇಳುತ್ತಾರೆ ಎಂಬ ಭಯಕ್ಕೆ ಒಬ್ಬರಿಗೂ ಹೇಳದೆ ಊರಿನ ಆ ತುದಿಗೆ ಹೋಗಿಬಿಟ್ಟಿದ್ದ. ಅಲ್ಲಿ ಅವಳನ್ನು ಕಂಡವರೇ ಇರಲಿಲ್ಲ. ಕೇಳುವವರೂ ಇರಲಿಲ್ಲ. ತಾತ ಬರುವವರೆಗೆ ಕ್ಲೀನರ್ ಇಲ್ಲದೆ ಒಬ್ಬನೇ ಓಡಿಸಿದ್ದ.

"ಮತ್ತೆ ನಾನು ಫೋನ್ ಮಾಡಿದಾಗ ಚೆನ್ನಾಗಿದಾಳೆ ಅಂದೆಯಲ್ಲಪ್ಪಾ."

"ಮೊದಲನೇ ಸಲ ಹೇಳೋಕೆ ಬಾಯಿ ಬರಲಿಲ್ಲ ಅಕ್ಕಾ. ಆಮೇಲೆ... ಇಡೀ ವರ್ಷದಲ್ಲಿ ಅವಳನ್ನ ಕೇಳ್ತಿದ್ದಿದ್ದು ನೀವೊಬ್ಬರೇ. ಅದೊಂದು ಐದು ನಿಮಿಷ ಅವಳು ಪಕ್ಕದಲ್ಲಿ ಕೂತಿದಾಳೆ ಅನ್ನಿಸ್ತಿತ್ತು. ಹೆಸರು ತೆಗೆಸಿದ್ರೆ ನೀವು ಕೇಳಲ್ವಲ್ಲ."

ನಾನು ಫೈಲು ಮುಚ್ಚಿ ಅವನ ಪಕ್ಕದಲ್ಲಿ ಕೂತೆ.

ಕಂಪನಿಗೆ ನಾನೇ ಕಾಗದ ಬರೆದೆ. ಹೆಸರು ವಿಚಾರಿಸದೆ ಹಳೆಯದನ್ನೇ ನಕಲು ಮಾಡಿದ್ದು ನನ್ನ ತಪ್ಪು, ಸೀಟಿಗೆ ಹಣವಂತೂ ಬಂದಿದೆ, ದಯವಿಟ್ಟು ಪರಿಗಣಿಸಿ ಎಂದು. ಉತ್ತರ ಮೂರು ಸಾಲು. ಗಾಯಗೊಂಡವರ ಹೆಸರು ಪಾಲಿಸಿಯಲ್ಲಿ ಇಲ್ಲ, ಹೆಸರಿರುವವರಿಗೆ ಗಾಯವಾಗಿಲ್ಲ, ಕ್ಲೇಮು ತಿರಸ್ಕರಿಸಲಾಗಿದೆ. ಎರಡನೇ ಸಾಲನ್ನು ಓದಿ ಕುರ್ಚಿಯಲ್ಲಿ ಕೂತು ಅತ್ತೆ. ಈ ಕಸುಬಿನಲ್ಲಿ ನಾನು ಅತ್ತದ್ದು ಅದೊಂದೇ ಸಲ.

ಹೊಸ ಎಂಜಿನ್ನಿಗೆಂದು ನಿಧಾನಣ್ಣ ಕೂಡಿಟ್ಟಿದ್ದು ಆಪರೇಷನ್ನಿಗೆ ಹೋಯಿತು. ಕಡಿಮೆ ಬಿದ್ದದ್ದನ್ನು ನಾನು ಕೊಡಲು ಹೋದೆ. ಅವನು ಬೇಡ ಅಂದ, ನಾನು ಗದರಿದೆ, ತೆಗೆದುಕೊಂಡ. ತಾತನನ್ನು ತನ್ನ ಕೋಣೆಗೇ ಕರೆತಂದು ಮೂರು ತಿಂಗಳು ಸ್ನಾನ ಮಾಡಿಸಿ, ಊಟ ಮಾಡಿಸಿ, ಭುಜ ಕೊಟ್ಟು ನಡೆಸಿದ. ನಾನು ನೋಡಲು ಹೋದಾಗ ಆ ಕೋಣೆಯಲ್ಲಿ ಎರಡು ತಟ್ಟೆ, ಎರಡು ಲೋಟ, ಎರಡು ಚಾಪೆ ಇದ್ದವು. ಯಾವುದೂ ಹೊಸದಲ್ಲ. ತಾತ ನನಗೆ ಕೇಳುವಂತೆ ಜೋರಾಗಿ ಹೇಳಿದ: "ತಪ್ಪು ನಂದೂ ಇದೆ ಕಣಮ್ಮಾ. ಇವನು ಹೇಳಿಕೊಟ್ಟಿದ್ದ. ಕೈ ಕೇಳಲಿಲ್ಲ." ನಿಧಾನಣ್ಣ ಅವನಿಗೆ ಅನ್ನ ಕಲಸುತ್ತಿದ್ದ. ನಾಲ್ಕನೇ ತಿಂಗಳು ತಾತನ ಮಗಳು ಬಂದು ಅಪ್ಪನನ್ನು ಕರೆದುಕೊಂಡು ಹೋದಳು. ಕೋಲೂರಿ ನಡೆಯುತ್ತಾನಂತೆ. ಲಾರಿ ಹತ್ತುವುದಂತೂ ಮುಗಿಯಿತು.

ಈ ವರ್ಷ ಪಾಲಿಸಿ ಮುಗಿಯುವ ವಾರ ನಾನು ಫೋನು ಕೈಗೆತ್ತಿಕೊಂಡು ಎರಡು ಸಲ ಕೆಳಗಿಟ್ಟೆ. ಏನೆಂದು ಶುರು ಮಾಡಲಿ? ಮೂರನೇ ದಿನ ಮಧ್ಯಾಹ್ನ ಕಬ್ಬಿಣದ ಮೆಟ್ಟಿಲಲ್ಲಿ ಸದ್ದಾಯಿತು. ದಡದಡ ಅಲ್ಲ, ಒಂದೊಂದೇ ಹೆಜ್ಜೆ. ಅವನೇ. ಬಂದು, ಹಿಂದೆ ಅವಳು ಕೂತಿದ್ದ ಕುರ್ಚಿಯನ್ನು ಬಿಟ್ಟು ಪಕ್ಕದ ಕುರ್ಚಿಯಲ್ಲಿ ಕೂತ.

"ಫೋನ್ ಬರಲಿಲ್ಲ. ಅದಕ್ಕೆ ಬಂದೆ ಅಕ್ಕಾ."

ನಾನು ಫಾರಂ ತೆಗೆದೆ. ಈ ಸಲ ಹಳೆಯದನ್ನು ಪಕ್ಕದಲ್ಲಿ ಇಟ್ಟುಕೊಳ್ಳಲಿಲ್ಲ. ಪ್ರತಿಯೊಂದನ್ನೂ ಕೇಳಿ ಕೇಳಿ ಬರೆದೆ. ಬೇರೆಯವರಿಗಾಗುವ ಹಾನಿಗೆ, ಹೂಂ. ಲಾರಿಗೆ, ಹೂಂ. ಸರಕಿಗೆ, ಹೂಂ. ಆಮೇಲೆ ನಾಲ್ಕನೆಯದು ಬಂತು.

"ಕ್ಯಾಬಿನ್ನಲ್ಲಿ ಎಷ್ಟು ಜನ?"

ಫ್ಯಾನು ಕಿರುಗುಟ್ಟುತ್ತಿತ್ತು. ಕೆಳಗೆ ಯಾರೋ ಟೈರ್ ಬಿಚ್ಚಲು ಸುತ್ತಿಗೆಯಲ್ಲಿ ಬಡಿಯುತ್ತಿದ್ದರು. ಅವನು ಆ ಬಡಿತಕ್ಕೆ ಕಿವಿಗೊಟ್ಟು ಕೂತಿದ್ದ. ಅದು ನಿಂತ ಮೇಲೆ ಬಾಯಿಬಿಟ್ಟ.

"ಒಬ್ಬ."

"ಬೇರೆ ಕ್ಲೀನರ್ ಇಟ್ಕೊಳ್ಳಲ್ವಾ?"

"ಇಟ್ಕೊಂಡ್ರೆ ಅವತ್ತೇ ಬಂದು ಹೆಸರು ಬರೆಸ್ತೀನಿ. ತಟ್ಟೋದೂ ಎಲ್ಲರ ಹಾಗೇ. ಒಂದು ಅಂದ್ರೆ ಬಾ, ಎರಡು ಅಂದ್ರೆ ನಿಲ್ಲು. ಅಭ್ಯಾಸ ಮಾಡ್ಕೋತಿದೀನಿ."

ಬರೆದೆ: ಒಬ್ಬ. ಅವನು ಸಹಿ ಮಾಡಿದ. ಹಳೆಯ ಪಾಲಿಸಿ ತನಗೆ ಕೊಡಬಹುದಾ ಎಂದು ಕೇಳಿದ, ಕೊಟ್ಟೆ. ಅವಳ ಹೆಸರು ಒಳಗೆ ಬರುವಂತೆ ಮಡಿಸಿ ಜೇಬಿಗಿಟ್ಟುಕೊಂಡ. ಬಾಗಿಲವರೆಗೆ ಹೋದವನು ನಿಂತ.

"ಬರೋ ವರ್ಷ ಫೋನ್ ಮಾಡ್ತೀರಲ್ಲಾ?"

"ಮಾಡ್ತೀನಿ ಕಣಪ್ಪಾ."

"ಕಾಗದದಲ್ಲಿ ಇಲ್ಲ ಅಂತ ಕೇಳೋದು ಬಿಡಬೇಡಿ ಅಕ್ಕಾ. ಮೊದಲು ಕೇಳ್ತಿದ್ರಲ್ಲ, ಹಾಗೇ ಒಂದ್ಸಲ ಕೇಳಿ. ಈ ಸಲ ನಿಜ ಹೇಳ್ತೀನಿ."

ನಾನೂ ಒಂಟಿ ಹೆಂಗಸು. ಸಂಜೆ ಶಟರ್ ಎಳೆದ ಮೇಲೆ ನನ್ನನ್ನು ಚೆನ್ನಾಗಿದೀಯಾ ಎಂದು ಕೇಳುವ ಪ್ರಾಣಿ ಈ ಊರಲ್ಲಿಲ್ಲ. ಅವನು ಮೆಟ್ಟಿಲಿಳಿಯುವ ಸದ್ದು ಪೂರ್ತಿ ನಿಲ್ಲಲು ಬಿಡದೆ ಮೇಲಿನಿಂದ ಕೂಗಿದೆ.

"ನಿಧಾನಣ್ಣಾ, ಬರೋ ವರ್ಷ ಯಾಕೆ, ಬರೋ ವಾರಾನೇ ಫೋನ್ ಮಾಡ್ತೀನಿ. ಎತ್ತು."

ಕೆಳಗಿನಿಂದ ಕಬ್ಬಿಣದ ಕಂಬಿಗೆ ಎರಡು ಸಲ ತಟ್ಟಿದ ಸದ್ದು ಬಂತು, ಅವಳ ಲೆಕ್ಕದಲ್ಲಿ.