ಕರೆದರೆ ಬಾರದ ನಾಯಿ

ನಾನು ನಡೆಸುತ್ತಿದ್ದ ಹೆಣ್ಣುಮಕ್ಕಳ ಬ್ಯೂಟಿ ಪಾರ್ಲರ್ ಮುಚ್ಚಿ ಅದೇ ಜಾಗದಲ್ಲಿ ನಾಯಿಗಳಿಗೆ ಸ್ನಾನ ಮಾಡಿಸುವ, ಕೂದಲು ಕತ್ತರಿಸುವ ಅಂಗಡಿ ತೆರೆಯುತ್ತೇನೆ ಎಂದಾಗ ನಮ್ಮ ಅತ್ತೆ ರೊಟ್ಟಿ ಬಡಿಯುತ್ತಲೇ ಕೇಳಿದರು: "ಮಂದಿ ಹುಬ್ಬು ತಿದ್ದೂದು ಬಿಟ್ಟು ನಾಯಿ ಮೈ ತಿಕ್ಕತೀನಿ ಅಂತೀಯಲ್ಲ, ಓಣ್ಯಾಗ ನಾ ಏನಂತ ಹೇಳ್ಲಿ?"

ನಮ್ಮ ರಾಣೆಬೆನ್ನೂರಿನಲ್ಲಿ ಅಂಥ ಅಂಗಡಿಯನ್ನು ನಾನಂತೂ ನೋಡಿರಲಿಲ್ಲ. ಹುಬ್ಬಳ್ಳಿಗೆ ಹೋಗಿ ಕೆಲಸ ಕಲಿತು ಬಂದೆ. ಪಾರ್ಲರಿನ ಕುರ್ಚಿಗಳನ್ನು ಮಾರಿ, ಎತ್ತರದ ಮೇಜು, ದೊಡ್ಡ ತೊಟ್ಟಿ, ಬಿಸಿಗಾಳಿಯ ಡ್ರೈಯರ್ ಹಾಕಿಸಿದೆ.

ಆದರೆ ಪ್ರಾಣಿಯನ್ನು ಮುಟ್ಟುವುದನ್ನು ನಾನು ಕಲಿತದ್ದು ಹುಬ್ಬಳ್ಳಿಯಲ್ಲಲ್ಲ, ತವರೂರು ಐರಣಿಯಲ್ಲಿ. ನಮ್ಮ ಕಾಕಾ ಕುರಿ ಸಾಕಿದ್ದರು. ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ಹೊಳೆಗೆ ಇಳಿಸಿ ತೊಳೆಯುತ್ತಿದ್ದರು. ಆಮೇಲೆ ಕತ್ತರಿ ಆಡುವಷ್ಟು ಹೊತ್ತೂ ಕುರಿಯ ತಲೆ ಹಿಡಿದು ಕೂರುವುದು ನನ್ನ ಕೆಲಸ. ಮೊದಮೊದಲು ಹೆದರಿ ಗಟ್ಟಿಯಾಗಿ ಅಮುಕುತ್ತಿದ್ದೆ, ಕುರಿ ಒದ್ದಾಡುತ್ತಿತ್ತು. "ಬಿಗಿ ಹಿಡೀಬ್ಯಾಡವ್ವಾ. ಅದರ ಗದ್ದ ತಾನಾ ನಿನ್ನ ಕೈಯಾಗ ಒರಗೂತನಕ ಸುಮ್ನಿರು," ಎನ್ನುತ್ತಿದ್ದರು ಕಾಕಾ. ಒಂದು ಗಳಿಗೆಯಾದ ಮೇಲೆ ಕುರಿಯ ತಲೆಯ ಭಾರವೆಲ್ಲ ಅಂಗೈಗೆ ಬಂದುಬಿಡುತ್ತಿತ್ತು. ಆ ಭಾರ ನನಗೆ ಈಗಲೂ ಗೊತ್ತು. ನಾಯಿಯೂ ನಂಬಿದಾಗ ಹಾಗೆಯೇ ಭಾರ ಕೊಡುತ್ತದೆ.

"ನಾಯಿ ಮನಸ್ಸು ನಿಮಗ ಹೆಂಗ ತಿಳೀತೈತ್ರಿ?" ಎಂದು ಅಂಗಡಿಗೆ ಬಂದವರು ಕೇಳುತ್ತಿರುತ್ತಾರೆ. ಹೇಳಲು ಹೋದರೆ ನನಗೇ ಗೊಂದಲವಾಗುತ್ತದೆ. ತಲೆಗಿಂತ ಮುಂಚೆ ಕೈಗೆ ಗೊತ್ತಾಗುತ್ತದೆ, ಅಷ್ಟೇ. ನೋವಿರುವ ಜಾಗ ಹತ್ತಿರವಾದಾಗ ನಾಯಿ ಉಸಿರು ಹಿಡಿಯುತ್ತದೆ, ಬೆನ್ನಿನ ಚರ್ಮ ಸಣ್ಣಗೆ ನಡುಗುತ್ತದೆ. ನನ್ನ ಕೈ ಅಲ್ಲೇ ನಿಂತುಬಿಡುತ್ತದೆ. ಯಾಕೆ ನಿಂತಿತು ಅನ್ನುವುದು ಆಮೇಲೆ ಹೊಳೆಯುತ್ತದೆ.

ಮೆಣಸಿನಕಾಯಿ ಸುಗ್ಗಿ ಮುಗಿಯುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಬ್ಯಾಡಗಿಯಿಂದ ಮೆಣಸಿನಕಾಯಿ ದಲಾಲರೊಬ್ಬರು ಬಂದರು. ಕಾರಿನ ಬಾಗಿಲು ತೆರೆದದ್ದೇ ಖಾರದ ಘಾಟಿಗೆ ನಾನು ಸೀನಿದೆ. ಹಿಂದಿನ ಸೀಟಿನಿಂದ ಇಳಿದ ನಾಯಿಯೂ ಸೀನಿತು. ಬಿಳಿ ಮೈ ತುಂಬ ಕಪ್ಪು ಚುಕ್ಕೆಯ ಡಾಲ್ಮೇಷಿಯನ್, ಇನ್ನೂ ಎಳೆಯದು. ಒಂದು ಕಣ್ಣು ಕಂದು, ಇನ್ನೊಂದು ತಿಳಿನೀಲಿ.

"ಒಮ್ಮೆ ಛಲೋತ್ನಂಗ ಸ್ನಾನ ಮಾಡ್ಸಿ ಕೊಡ್ರಿ ಅಕ್ಕಾರ," ಎಂದರು ದಲಾಲರು. "ನಾಳೆ ಮೋಟೆಬೆನ್ನೂರಾಗ ಹೈವೇ ಪಕ್ಕ ನಮ್ಮ ಹೊಲ ಐತಿ, ಅಲ್ಲಿ ಬಿಟ್ಟು ಬರಾಂವ ಅದೀನಿ."

"ಯಾಕ್ರಿ ಅಣ್ಣಾರ, ಇಷ್ಟು ಚಂದ ಐತಿ?"

"ಚಂದ ತಗೊಂಡು ಏನ್ಮಾಡ್ತೀರಿ? ಭಾಳ ಹಠಮಾರಿ ಐತ್ರಿ. ಎಷ್ಟು ಕರದ್ರೂ ತಿರುಗಿ ಸುದ್ದಾ ನೋಡೂದಿಲ್ಲ. ಅದೂ ಹೋಗ್ಲಿ ಅಂದ್ರ, ಮೊನ್ನೆ ನಮ್ಮವ್ವನ ಕೈ ಕಚ್ಚೇತಿ. ಮಲಗಿತ್ತು, ಪಾಪ ತಲಿ ಸವರಾಕ ಹೋಗಿದ್ಲು. ಇಂಜೆಕ್ಷನ್ ಮಾಡಿಸ್ಕೊಂಡು ಬಂದೇವಿ."

ನಾಯಿಯನ್ನು ನನ್ನ ಹತ್ತಿರ ಬಿಟ್ಟು ಅವರು ಪೇಟೆ ಕೆಲಸಕ್ಕೆ ಹೋದರು.

ಹಠಮಾರಿ ಎನ್ನಿಸಿಕೊಂಡ ನಾಯಿ ತೊಟ್ಟಿಯಲ್ಲಿ ಮಗುವಿನಂತೆ ನಿಂತಿತ್ತು. ಒಂದು ವಿಷಯ ಮಾತ್ರ ಬೇರೆ ಅನ್ನಿಸಿತು. ಬೇರೆ ನಾಯಿಗಳು ನನ್ನ ಕೈ ನೋಡುತ್ತವೆ, ಇಲ್ಲವೇ ಬಾಗಿಲು ನೋಡುತ್ತವೆ. ಇದು ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ನಾನು ಹುಬ್ಬು ಏರಿಸಿದರೆ ಬಾಲ ಆಡಿಸುತ್ತಿತ್ತು.

ಮೇಜಿನ ಮೇಲೆ ನಿಲ್ಲಿಸಿ ಡ್ರೈಯರ್ ಹಚ್ಚಿದೆ. ಅದರ ಸದ್ದಿಗೆ ಹುಲಿಯಂಥ ನಾಯಿಗಳೂ ಮೇಜಿನಿಂದ ಜಿಗಿಯಲು ನೋಡುತ್ತವೆ. ಇದು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಎಷ್ಟು ಧೈರ್ಯದ ನಾಯಿ ಅಂದುಕೊಂಡೆ. ಅಷ್ಟರಲ್ಲಿ ನನ್ನ ಮೊಣಕೈ ತಾಗಿ ಸ್ಟೀಲ್ ಬಕೆಟ್ ಅದರ ಬೆನ್ನ ಹಿಂದೆ ದಡಾರನೆ ಉರುಳಿತು. ನಾನು ಬೆಚ್ಚಿದೆ. ಮೂಲೆಯಲ್ಲಿ ಕಟ್ಟಿದ್ದ ಇನ್ನೊಂದು ನಾಯಿ ಬೊಗಳಿತು. ಇದು ನನ್ನ ಬೆಚ್ಚಿದ ಮುಖ ನೋಡಿ, ಏನಾಯಿತು ಎನ್ನುವಂತೆ ಆಮೇಲೆ ಹಿಂದೆ ತಿರುಗಿತು.

ಡ್ರೈಯರ್ ನಿಲ್ಲಿಸಿದೆ. ಹಿಂದೆ ಹೋಗಿ ಕೀಲಿಕೈ ಗೊಂಚಲು ಅಲ್ಲಾಡಿಸಿದೆ, ಸಿಳ್ಳೆ ಹಾಕಿದೆ. ಇಲ್ಲ. ಕೊನೆಗೆ ಮೇಜಿನ ಹಲಗೆಯನ್ನು ಬೆರಳಿನಿಂದ ಮೆಲ್ಲಗೆ ಬಡಿದೆ. ಅದುರು ಕಾಲಿಗೆ ತಾಗಿದ್ದೇ ತಟ್ಟನೆ ತಿರುಗಿ ನನ್ನ ಕೈ ನೆಕ್ಕಿತು.

ಪಕ್ಕದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಇದು ಹಠವಲ್ಲ. ಈ ನಾಯಿ ಹುಟ್ಟಿದಾಗಿನಿಂದ ಯಾರೂ ಕರೆದದ್ದನ್ನು ಕೇಳಿಯೇ ಇಲ್ಲ. ನಾಳೆ ಇದು ಹೈವೇ ಪಕ್ಕದ ಹೊಲದಲ್ಲಿರುತ್ತದೆ, ಲಾರಿಯ ಹಾರ್ನ್ ಕೂಡ ಇದಕ್ಕೆ ಕೇಳುವುದಿಲ್ಲ.

ದಲಾಲರು ಮರಳಿ ಬಂದಾಗ ಹೇಳಿದೆ. ಅವರು ನಕ್ಕರು. "ಊಟಕ್ಕಿಟ್ರ ಎಲ್ಲಿದ್ರೂ ಓಡಿ ಬರ್ತೈತಲ್ರಿ. ತಾಟಿನ ಸಪ್ಪಳ ಕೇಳ್ದ ಹೆಂಗ ಬರ್ತೈತಿ?"

"ವಾಸನೀಗೆ ಬರ್ತೈತ್ರಿ. ನೀವಾ ಹಿಂದ ನಿಂತು ಒಮ್ಮೆ ಕರ್ದು ನೋಡ್ರಿ."

ಅವರು ಕರೆದರು. ಇನ್ನೊಮ್ಮೆ ಜೋರಾಗಿ ಕರೆದರು. ಮೂರನೆಯ ಸಲ ಕರೆಯದೆ ಮುಂದೆ ಬಂದು ನಾಯಿಯ ಎದುರು ಕುಕ್ಕರಗಾಲಲ್ಲಿ ಕುಳಿತರು. ಅವರನ್ನು ಕಂಡು ಅದು ಮೈಯೆಲ್ಲ ಬಾಲವಾಗಿ ಕುಣಿಯಿತು.

ಮರುದಿನ ಹಾವೇರಿಯಲ್ಲಿ ಪಶುವೈದ್ಯರಿಗೆ ತೋರಿಸಿದರು. ಹುಟ್ಟುಗಿವುಡು, ಈ ಜಾತಿಯಲ್ಲಿ ಕೆಲವಕ್ಕೆ ಹೀಗಾಗುವುದುಂಟು ಎಂದರಂತೆ ವೈದ್ಯರು. ಸಂಜೆ ದಲಾಲರು ಫೋನ್ ಮಾಡಿದರು. "ಹೊಲಕ್ಕ ಬಿಡಾಕ ಮನಸ್ಸಾಗವಲ್ದು. ಮನ್ಯಾಗ ಇಟ್ಕೊಳ್ಳಾಕ ಅಂಜಿಕಿ. ಮತ್ತ ಅವ್ವಗ ಕಚ್ಚಿದ್ರ ಏನ್ಮಾಡ್ಲಿ?"

ರಜೆಯ ದಿನ ನಾನೇ ಬ್ಯಾಡಗಿಗೆ ಹೋದೆ. ಅವರ ತಾಯಿ ಪಡಸಾಲೆಯಲ್ಲಿ ಕುಳಿತಿದ್ದರು. ಒಂದು ಕೈಗೆ ಪಟ್ಟಿ. ಕಿವಿಗೆ ಹಾಕಿಕೊಳ್ಳುವ ಮಷಿನ್ ಪಕ್ಕದಲ್ಲಿ ಬಿದ್ದಿತ್ತು. ಅದು ಕುಂಯ್‌ಗುಡುತ್ತದೆ ಅಂತ ಅಜ್ಜಿ ಬಿಚ್ಚಿಡುತ್ತಾರೆಂದು ಸೊಸೆ ಹೇಳಿದರು. ದಲಾಲರು ತಾಯಿಯ ಕಿವಿಯ ಹತ್ತಿರ ಬಗ್ಗಿ ಕೂಗಿದರು: "ಯವ್ವಾ, ನಾಯಿಗೆ ಕಿವಿ ಕೇಳ್ಸೂದಿಲ್ಲಂತ!"

"ಏನಂದಿ?"

"ನಾಯಿಗೆ! ಕಿವಿ! ಕೇಳ್ಸೂದಿಲ್ಲಂತ!"

ಅಜ್ಜಿ ನಾಯಿಯ ಕಡೆ ನೋಡಿದರು. ಆಮೇಲೆ ಮಗನ ಕಡೆ. "ಹಂಗಾರ ಅದರದೇನೈತೋ ತಪ್ಪು? ಮಲಗಿದ್ದಾಗ ಹಿಂದಿನಿಂದ ಬಂದು ಭುಜ ಹಿಡದ್ರ ನನಗೂ ಎದಿ ಧಸಕ್ಕಂತೈತಿ. ನಿನ್ನ ಹೆಂಡ್ತಿ ಮ್ಯಾಲ ಎಷ್ಟು ಸಲ ಚೀರೇನಿ, ಕೇಳು ಬೇಕಾರ. ಹಲ್ಲಿದ್ದಿದ್ರ ನಾನೂ ಕಚ್ಚತಿದ್ನೋ ಏನೋ."

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಜ್ಜಿ ನಗಲಿಲ್ಲ. "ಕಿವಿ ಕೇಳ್ಸೂದಿಲ್ಲಂತ ಇದನ್ನ ಹೊಲಕ್ಕ ಬಿಟ್ಟ ಮ್ಯಾಲ, ನನ್ನ ಎಲ್ಲಿ ಬಿಡಾಂವ?" ಎಂದರು. ಹೊಲದ ಮಾತು ಅಲ್ಲಿಗೆ ಮುಗಿಯಿತು.

ಅವತ್ತು ನನಗೆ ಗೊತ್ತಿದ್ದಷ್ಟನ್ನು ಅವರಿಗೆ ಹೇಳಿಕೊಟ್ಟೆ. ಮಲಗಿದ್ದಾಗ ಮುಟ್ಟಬಾರದು, ಮೂಗಿನ ಹತ್ತಿರ ಕೈ ಹಿಡಿದರೆ ವಾಸನೆಗೆ ತಾನೇ ಏಳುತ್ತದೆ. ಬಾ ಎನ್ನಲು ಕೈ ಬೀಸಬೇಕು, ಸಾಕು ಎನ್ನಲು ಅಂಗೈ ತೋರಿಸಬೇಕು. ಗೇಟಿನಾಚೆ ಹೋಗುವಾಗ ಹಗ್ಗ ಬಿಡಲೇಬಾರದು. ಕೈಸನ್ನೆ ಕಲಿಸುವ ಕೆಲಸವನ್ನು ಅಜ್ಜಿ ತಾವೇ ವಹಿಸಿಕೊಂಡರು. ಮನೆಯಲ್ಲಿ ಪುರಸೊತ್ತಿದ್ದವರು ಅವರೊಬ್ಬರೇ. ರೊಟ್ಟಿ ಚೂರು ಇಟ್ಟುಕೊಂಡು ದಿನವೂ ಕೂರುತ್ತಿದ್ದರಂತೆ. ನಾನು ಹೇಳಿಕೊಡದ ಸನ್ನೆಗಳನ್ನೂ ಅವರು ಕಟ್ಟಿದ್ದರು. ಗಲ್ಲ ಮುಟ್ಟಿಕೊಂಡರೆ 'ಊಟ', ಕೋಲಿನಿಂದ ನೆಲ ಕುಟ್ಟಿದರೆ 'ನನ್ನ ಕಡೆ ನೋಡು'. ಸೊಸೆಯೂ ಈಗ ಅತ್ತೆಯ ಎದುರು ಬಂದು ನಿಂತು, ಕೈ ಮಾಡಿ, ಆಮೇಲೆ ಮಾತಾಡುತ್ತಾರೆ. ಮನೆಯಲ್ಲಿ ಕೂಗಾಟ ಕಡಿಮೆಯಾಗಿದೆ ಎಂದು ದಲಾಲರೇ ಹೇಳಿದರು.

ಮೊನ್ನೆ ಉಗುರು ಕತ್ತರಿಸಲು ಅವರ ಮನೆಗೆ ಹೋಗಿದ್ದೆ. ಬೆಲ್ ಒತ್ತಿದೆ, ಯಾರೂ ಬರಲಿಲ್ಲ. ಮತ್ತೆ ಒತ್ತಿದೆ. ಸೊಸೆ ಪೇಟೆಗೆ ಹೋಗಿರಬೇಕು. ಕಿಟಕಿಯಲ್ಲಿ ಇಣುಕಿದರೆ ಇಬ್ಬರೂ ಪಡಸಾಲೆಯಲ್ಲೇ ಇದ್ದರು. ಅಜ್ಜಿ ಕಾಲು ಚಾಚಿ ಕುಳಿತು ನಾಯಿಯ ಬೆನ್ನು ಬಾಚುತ್ತಿದ್ದರು, ಅದರ ಗದ್ದ ಅವರ ತೊಡೆಯ ಮೇಲಿತ್ತು. ಬೆಲ್ ಇಬ್ಬರಿಗೂ ಕೇಳಿಸಿರಲಿಲ್ಲ. ನಾನು ಕಿಟಕಿಯ ಮುಂದೆ ಕೈ ಬೀಸಿದೆ. ನನ್ನ ನೆರಳು ನೆಲದ ಮೇಲೆ ಆಡಿದ್ದನ್ನು ಕಂಡು ನಾಯಿ ತಲೆ ಎತ್ತಿತು, ಅಜ್ಜಿ ಅದರ ಕಣ್ಣು ಹೋದ ಕಡೆ ತಿರುಗಿದರು. "ಬಂದಿಯೇನ ತಂಗಿ! ಎಷ್ಟೊತ್ತಾತು ಬಂದು?" ಎನ್ನುತ್ತ ಕೋಲು ಊರಿ ಎದ್ದರು. ಅವರಿಗಿಂತ ಮುಂಚೆ ನಾಯಿ ಬಾಗಿಲಲ್ಲಿತ್ತು.