ಪುಣೆಯ ಅಳಿಯನ ರಾಜೀನಾಮೆ

ಬೀದರಿನ ಮೈಲೂರು ಓಣಿಯ ನಮ್ಮ ಮನೆಯಲ್ಲಿ ಟಿವಿ ಬೆಳಗಿನ ಚಹಾದ ಜೊತೆಗೇ ಶುರುವಾಗುತ್ತದೆ. ಅವ್ವನಿಗೆ ಬೇಕಾದದ್ದು ಎರಡೇ ಸುದ್ದಿ: ಮುಖ್ಯಮಂತ್ರಿ ಯಾವಾಗ ಬದಲಾಗುತ್ತಾರೆ, ಯಾವ ನಟಿ ಗಂಡನನ್ನು ಬಿಟ್ಟಳು. ಮೊದಲನೆಯದು ನನಗೆ ಸಾಕುಸಾಕಾಗಿದೆ. ನಾನು ಔರಾದದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಮುಖ್ಯಮಂತ್ರಿ ಯಾರು ಎಂದು ಕೇಳಿದರೆ ಮಕ್ಕಳು, ಈಗಿನವರಾ ಟೀಚರ್, ಮುಂದೆ ಬರುವವರಾ ಎಂದು ನನ್ನನ್ನೇ ಕೇಳುತ್ತಾರೆ. ತಪ್ಪು ಅಂತ ಹೇಗೆ ಹೇಳಲಿ? ಔರಾದದ ಬಸ್ಸಿನಲ್ಲಿ ದಿನಾ ಒಂದು ಸರಕಾರ ಬೀಳುತ್ತದೆ, ಊರು ಬರುವುದರೊಳಗೆ ಇನ್ನೊಂದು ಏಳುತ್ತದೆ. ಟಿಕೆಟ್ ಹರಿಯುತ್ತಲೇ ಕಂಡಕ್ಟರ್ ಖಾತೆ ಹಂಚುತ್ತಾನೆ.

ಎರಡನೆಯ ಸುದ್ದಿ ಬಂದರೆ ಮಾತ್ರ ನನ್ನ ಮೈ ಉರಿಯುತ್ತದೆ. ಈಚೆಗೆ ಒಬ್ಬ ನಟಿ ಗಂಡನಿಂದ ಬೇರೆಯಾದಳು. ಅವಳ ಮದುವೆಯ ಫೋಟೋಕ್ಕೆ ಕೆಂಪು ಸುತ್ತು ಹಾಕಿ, ಬಾಣ ಬಿಟ್ಟು, ನಗು ಆಗಲೇ ಕಡಿಮೆ ಇತ್ತು ನೋಡಿ ಎಂದು ದಿನವಿಡೀ ತೋರಿಸಿದರು. ಒಬ್ಬ ಜ್ಯೋತಿಷಿ, ಒಬ್ಬ ವಕೀಲ, ಯಾವುದಕ್ಕೂ ಸಂಬಂಧವಿಲ್ಲದ ಇನ್ನೊಬ್ಬ ಸಾಲಾಗಿ ಕೂತು ಅವಳ ಸಂಸಾರ ತೊಳೆದು ಒಣಹಾಕಿದರು. ನಾನು ಟಿವಿಗೇ ಬೈಯುತ್ತೇನೆ. ಯಾಕೆಂದರೆ ನನ್ನದೂ ವಿಚ್ಛೇದನವಾಗಿದೆ. ನಮ್ಮ ಕಡೆ ಅದನ್ನು ಸೋಡಚೀಟಿ ಅನ್ನುತ್ತಾರೆ. ಗಂಡ ಕೈ ಮಾಡುತ್ತಿದ್ದ, ನಾನು ಬಿಟ್ಟು ಬಂದೆ, ಕೋರ್ಟು ಒಪ್ಪಿತು. ಒಂದೇ ಸಾಲಿನ ಸುದ್ದಿ, ಚರ್ಚೆಗೆ ಏನೂ ಉಳಿದಿಲ್ಲ.

ಅವ್ವನ ವಾಹಿನಿಯಲ್ಲಿ ಮಾತ್ರ ಬೇರೆಯೇ ಸುದ್ದಿ ಓಡುತ್ತಿತ್ತು. ಅಳಿಯ ಪುಣೆಯ ಕಂಪನಿಯಲ್ಲಿದ್ದಾನೆ ಎಂದು ಓಣಿಗೆಲ್ಲ ಹೇಳಿಬಿಟ್ಟಿದ್ದಳು. ದೀಪಾವಳಿಗೆ ಯಾಕೆ ಬರಲಿಲ್ಲ ಎಂದರೆ ರಜೆ ಸಿಗಲಿಲ್ಲ. ಯುಗಾದಿಗೆ? ರಾತ್ರಿ ಪಾಳಿ. ಒಮ್ಮೆ ಅವನಿಗೆ ಬಡ್ತಿಯನ್ನೂ ಕೊಟ್ಟಳು. ಅಷ್ಟು ನಿಯತ್ತಿನ ಗಂಡ ನಿಜಕ್ಕೂ ಇದ್ದಿದ್ದರೆ ನಾನು ಬಿಟ್ಟು ಬರುತ್ತಲೇ ಇರಲಿಲ್ಲ. ನಿಜ ಓಣಿಗೆಲ್ಲ ಗೊತ್ತಿತ್ತು. ಹಾಗೆ ಗೊತ್ತಿದೆ ಎನ್ನುವುದು ಅವ್ವನೊಬ್ಬಳಿಗೆ ಗೊತ್ತಿರಲಿಲ್ಲ.

ತಮ್ಮನಿಗೆ ಭಾಲ್ಕಿಯ ಸಂಬಂಧ ಬಂದಾಗ ಪುಣೆಯ ಅಳಿಯ ಅವ್ವನ ಬಾಯಲ್ಲಿ ಭಾಲ್ಕಿಗೂ ಹೋದ. ತಮ್ಮನಿಗೆ ಹುಡುಗಿ ಫೋಟೋದಲ್ಲೇ ಹಿಡಿಸಿದ್ದಳು, ಫೋನಿನಲ್ಲಿ ಮಾತಾಡಿ ಇನ್ನಷ್ಟು ಹಿಡಿಸಿದ್ದಳು. ಈ ಸುಳ್ಳಿನಿಂದ ಆ ಸಂಬಂಧ ಮುರಿದರೆ ಯಾರು ಹೊಣೆ ಎಂದು ನಾನು ಅಡುಗೆಮನೆಯಲ್ಲಿ ಅವ್ವನ ಮೇಲೆ ಹರಿಹಾಯ್ದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು.

"ಹುಡುಗಿಗಿ ಉಡಿ ಯಾರು ತುಂಬಬೇಕ? ನಿಮ್ಮಪ್ಪ ಹೋದ ಮ್ಯಾಲ ನನ್ನ ಕೈ ನಡ್ಯಂಗಿಲ್ಲ. ನಿಂದೂ ನಡ್ಯಂಗಿಲ್ಲಂದ್ರ, ನಮ್ಮ ಮನಿ ಸೊಸಿಗಿ ಓಣಿ ಮಂದಿ ಬಂದು ತುಂಬಬೇಕೇನ?"

ಹುಡುಗಿ ಒಪ್ಪಿಗೆಯಾದರೆ ಗಂಡಿನ ಕಡೆಯ ಮುತ್ತೈದೆ ಅವಳ ಸೆರಗಿಗೆ ಅಕ್ಕಿ, ಕುಪ್ಪಸದ ಬಟ್ಟೆ, ತೆಂಗಿನಕಾಯಿ ಹಾಕಿ ಉಡಿ ತುಂಬುವುದು ನಮ್ಮ ಪದ್ಧತಿ. ನನ್ನನ್ನು ಮುತ್ತೈದೆಯಾಗಿ ಉಳಿಸಲು ಅವ್ವ ಪುಣೆಯಲ್ಲೊಬ್ಬನನ್ನು ಸಾಕಿಕೊಂಡಿದ್ದಳು. ಸಿಟ್ಟೂ ಬಂತು, ಅಳುವೂ ಬಂತು.

ಹೊರಡುವಾಗ ಅವ್ವ ನಮ್ಮಿಬ್ಬರಿಂದ ಮಾತು ತೆಗೆದುಕೊಂಡಳು: ರಾಜಕಾರಣ ಎತ್ತಕೂಡದು. ಹುಡುಗಿಯ ಅಪ್ಪ ಒಂದು ಪಕ್ಷದವರು, ನನ್ನ ತಮ್ಮ ಇನ್ನೊಂದರವನು. ಇಬ್ಬರೂ ಬಾಯಿ ಬಿಟ್ಟರೆ ಮದುವೆ ಚುನಾವಣೆಯಾಗುತ್ತದೆ ಎಂಬ ಭಯ ಅವಳಿಗೆ. ಭಾಲ್ಕಿಯಲ್ಲಿ ಅವರೂ ಅದೇ ಪಥ್ಯದಲ್ಲಿದ್ದರೆಂದು ಕಾಣುತ್ತದೆ. ಬೀಗರಾಗುವವರು ಬಿಸಿಲಿನ ಬಗ್ಗೆ ಮಾತಾಡಿದರು, ತೊಗರಿಯ ಬಗ್ಗೆ ಮಾತಾಡಿದರು, ಆಮೇಲೆ ಎರಡೂ ಕಡೆ ಸರಕು ಮುಗಿಯಿತು. ಅವಲಕ್ಕಿ ಅಗಿಯುವ ಸದ್ದಷ್ಟೇ ಉಳಿದಾಗ ಹುಡುಗಿಯ ಅಜ್ಜಿ ಟಿವಿ ಹಚ್ಚಿದರು. ರಾಜಕಾರಣ ಬಿಟ್ಟರೆ ಅದರಲ್ಲಿ ಇನ್ನೇನಿರುತ್ತದೆ? ಅದೇ ನಟಿ, ಅದೇ ಕೆಂಪು ಸುತ್ತು.

ಎಲ್ಲರಿಗೂ ಜೀವ ಬಂತು. ಹುಡುಗಿಯ ಅಪ್ಪ ತಪ್ಪು ಗಂಡನದು ಎಂದರು. ಅವಳ ಸೋದರತ್ತೆ, ಇಲ್ಲ, ಹೆಣ್ಣು ಹೊಂದಿಕೊಂಡು ಹೋಗಬೇಕಿತ್ತು ಎಂದಳು. ಅವ್ವ ತಲೆ ತಗ್ಗಿಸಿ ತಟ್ಟೆಯಲ್ಲಿ ಶೇಂಗಾ ಹುಡುಕತೊಡಗಿದಳು. ಅಜ್ಜಿ ಮಾತ್ರ ಬೇರೆ ಎಲ್ಲರನ್ನೂ ಬಿಟ್ಟು ನನ್ನನ್ನೇ ಹಿಡಿದರು. ನೀವು ಸಾಲಿ ಕಲಿಸುವವರು, ನೀವೇ ಹೇಳಿ, ಅವಳು ಬಿಟ್ಟದ್ದು ಸರಿಯೋ ತಪ್ಪೋ ಎಂದರು. ಅವಳ ಮನೆಯ ವಿಷಯ ನಮಗೇನು ಗೊತ್ತು ಎಂದು ಜಾರಿಕೊಂಡೆ. ಮತ್ತೆ ಕೇಳಿದರು. ಎಲ್ಲಿ ಹೋದರೂ ಈ ನಟಿ ನನ್ನ ಬೆನ್ನು ಬಿಡುವುದಿಲ್ಲವಲ್ಲ ಎಂದು ಒಳಗೊಳಗೇ ಕುದಿದೆ.

ಹುಡುಗಿ ಬಂದಳು, ಮಾತಾಡಿದಳು, ನಕ್ಕಳು. ತಮ್ಮನ ಮುಖ ನೋಡಿದರೆ ಕೇಳುವುದೇ ಬೇಡವಾಗಿತ್ತು. ಎರಡೂ ಕಡೆ ಒಪ್ಪಿಗೆಯಾಯಿತು. ಸೋದರತ್ತೆ ಉಡಿಯ ತಟ್ಟೆ ತಂದು ನನ್ನ ಕೈಗೇ ಕೊಟ್ಟಳು. ಹುಡುಗಿ ನನ್ನ ಮುಂದೆ ಸೆರಗು ಹಿಡಿದು ನಿಂತಳು. ಅವ್ವನ ಕಣ್ಣು ನನ್ನನ್ನು ಬೇಡಿಕೊಳ್ಳುತ್ತಿತ್ತು. ಸುಮ್ಮನೆ ತುಂಬಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಈ ಹುಡುಗಿ ನಾಳೆ ನಮ್ಮ ಮನೆಗೆ ಬರುವವಳು. ದಿನಾ ಅವಳೆದುರು ಪುಣೆಗೆ ಫೋನು ಮಾಡುವ ನಾಟಕ ನನ್ನಿಂದಾಗುತ್ತಿರಲಿಲ್ಲ. ತಟ್ಟೆ ಕೆಳಗಿಟ್ಟೆ.

"ನಂದು ಸೋಡಚೀಟಿ ಆಗ್ಯಾದ್ರಿ. ಪುಣಾದಾಗ ಯಾರೂ ಇಲ್ಲ. ತಿಳಿದ ಮ್ಯಾಲ ನೀವು ಹ್ಯಾಂಗ ಹೇಳ್ತೀರಿ ಹಾಂಗ."

ಅಜ್ಜಿ ರಿಮೋಟು ಹುಡುಕಿ ಟಿವಿ ಆರಿಸಿದರು.

"ನಮಗ ಗೊತ್ತದ. ಹೆಣ್ಣು ಕೊಡಾವ್ರು ವಿಚಾರ್ಸಲಾರದ ಕೊಡ್ತೀವೇನ್ರಿ? ನೀವಾಗಿ ಹೇಳ್ತೀರೋ ಇಲ್ಲೋ ಅಂತ ಮುಂಜಾನಿಂದ ಆ ನಟೀದು ಕೇಳಿ ಕೇಳಿ ನನಗೇ ಸಾಕಾಗಿತ್ತು."

ಈ ಸುದ್ದಿ ಮುಟ್ಟಿರದ ಸೋದರತ್ತೆ ಮುಖ ಸಿಂಡರಿಸಿ, ಹಾಗಾದರೆ ಪಕ್ಕದ ಮನೆಯ ಮುತ್ತೈದೆಯನ್ನು ಕರೆಯುತ್ತೇನೆ ಎಂದಳು. ಅಜ್ಜಿ, ಉಡಿ ಯಾರದೋ ಅವಳನ್ನು ಕೇಳು ಎಂದರು. ಹುಡುಗಿ ಯಾರ ಮುಖವನ್ನೂ ನೋಡಲಿಲ್ಲ. ಹಿಡಿದ ಸೆರಗನ್ನು ಹಾಗೇ ಹಿಡಿದು ಮೂಲೆಯಲ್ಲಿದ್ದ ನನ್ನ ಅವ್ವನ ಮುಂದೆ ಹೋಗಿ ನಿಂತಳು.

"ನೀವು ತುಂಬ್ರಿ, ಅತ್ತಿ. ಅಕ್ಕಾರು ಕಾಯಿ ಇಡ್ಲಿ."

ಅವ್ವ ರೂಢಿಯಂತೆ ಕೈ ಹಿಂದೆಳೆದುಕೊಂಡಳು. ನಾನು ತಟ್ಟೆ ಅವಳ ಮುಂದೆ ಹಿಡಿದೆ. ಅವಳು ಅವಸರದಲ್ಲಿ ಬೊಗಸೆ ತುಂಬಿ ಸುರಿದಾಗ ಅರ್ಧ ಅಕ್ಕಿ ಚಾಪೆಯ ಮೇಲೇ ಬಿತ್ತು. ನೋಡುತ್ತ ನಿಂತದ್ದಕ್ಕೆ ನನ್ನನ್ನೇ ಗದರಿಸಿದಳು. ನಾನು ಕಾಯಿ ಇಟ್ಟೆ. ಆ ಸಂತೋಷದಲ್ಲಿ ತಮ್ಮನೂ ಅವನ ಮಾವನೂ ಪಥ್ಯ ಮುರಿದು ಮುಖ್ಯಮಂತ್ರಿಯ ಕುರ್ಚಿಗೆ ಕೈ ಹಾಕಿದರು. ಊಟಕ್ಕೆ ಕರೆಯುವವರೆಗೂ ಜಗಳಾಡಿದರು, ಮದುವೆಗೇನೂ ಆಗಲಿಲ್ಲ.

ಬೀದರಿಗೆ ವಾಪಸು ಬರುವ ಬಸ್ಸಿನಲ್ಲಿ ಅವ್ವ ಸೆರಗಿಗೆ ಹತ್ತಿದ ಅಕ್ಕಿ ಕೊಡವಿಕೊಂಡಳು. ಆಮೇಲೆ ಪುಣೆಯವನದು ಇನ್ನು ಹೇಗೆ ಎಂದು ಕೇಳಿದಳು. ರಾಜೀನಾಮೆ ಕೊಡಿಸು, ಬೇಕಾದರೆ ಓಣಿಯಲ್ಲಿ ನಾನೇ ಹೇಳುತ್ತೇನೆ ಎಂದೆ.

"ನೀ ಬ್ಯಾಡ," ಎಂದಳು ಅವ್ವ. "ಸುಳ್ಳು ಹೇಳಿದಾಕಿ ನಾನು. ನಾನೇ ಹೇಳ್ತೇನಿ, ನನ್ನ ಮಗಳು ಬಿಟ್ಟು ಬಂದಾಳಂತ."

ಓಣಿಗೆಲ್ಲ ಮೊದಲೇ ಗೊತ್ತಿದೆ ಎಂದು ನಾನು ಬಾಯಿ ಬಿಡಲಿಲ್ಲ. ಆ ಮಾತನ್ನು ಅವಳು ನಾಲ್ಕು ಜನರ ಮುಂದೆ ಹೇಳುವುದನ್ನು ನನಗೆ ಕೇಳಬೇಕಿತ್ತು.