ಪೆಟ್ಟಿಗೆಯ ತಳದ ಸೀಸೆಗಳು

ಐಸಣ್ಣನನ್ನು ಬೈಯುವವರಿಗೆಲ್ಲ ಮೊದಲೇ ಹೇಳಿಬಿಡುತ್ತೇನೆ, ಅವನು ಸೋಮಾರಿಯಲ್ಲ. ಸೋಮಾರಿಯಾಗಿದ್ದರೆ ಆ ಮಗು ಬದುಕಿರುತ್ತಿತ್ತು.

ನಮ್ಮ ಆರೋಗ್ಯ ಕೇಂದ್ರದ ಲಸಿಕೆ ಕೋಣೆ ಅವನದು. ಒಂದು ಕಿಟಕಿ, ಒಂದು ಸ್ಟೂಲು, ಗೋಡೆಗೆ ಒತ್ತಿ ನಿಲ್ಲಿಸಿದ ದೊಡ್ಡ ತಂಪು ಪೆಟ್ಟಿಗೆ. ಅದರ ಬಾಯಿ ಮೇಲಕ್ಕೆ, ಒಳಗೋಡೆಯ ಸುತ್ತ ಮಂಜುಗಡ್ಡೆ, ಮೇಲ್ಭಾಗದಲ್ಲಿ ತಂತಿಯ ಬುಟ್ಟಿ, ಬುಟ್ಟಿಯಲ್ಲಿ ಥರ್ಮಾಮೀಟರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದನ್ನು ನೋಡಿ ಗೋಡೆಯ ಪಟ್ಟಿಯಲ್ಲಿ ಬರೆಯಬೇಕು. ಹತ್ತೊಂಬತ್ತು ವರ್ಷದಲ್ಲಿ ಒಂದು ಹೊತ್ತೂ ಖಾಲಿ ಬಿಟ್ಟವನಲ್ಲ. ಮಗಳ ಮದುವೆಯ ದಿನವೂ ಹೊಸ ಬಟ್ಟೆಯಲ್ಲೇ ಓಡಿ ಬಂದು ಬರೆದು ಹೋದ.

"ಅಣ್ಣ, ಹೆಂಡ್ತಿಗೆ ಜ್ವರ ಬಂದ್ರೂ ಇಷ್ಟು ಸಲ ನೋಡ್ತೀಯಾ?" ಎಂದು ನಾನು ಕಾಲೆಳೆದರೆ, "ಕರೆಂಟ್ ಹೋದ್ರೆ ಅವಳು ಕೆಡಲ್ಲ ಸಿಸ್ಟರಮ್ಮ" ಎನ್ನುತ್ತಿದ್ದ.

ಇಲ್ಲಿಗೆ ಬರುವ ಮೊದಲು ಅವನು ಹನ್ನೊಂದು ವರ್ಷ ಐಸ್ ಕಾರ್ಖಾನೆಯಲ್ಲಿದ್ದ. ಆ ಹೆಸರು ಅಲ್ಲಿಂದಲೇ ಅಂಟಿಕೊಂಡು ಬಂತು. ಅಲ್ಲಿ ಕಲಿತದ್ದು ಒಂದೇ ಪಾಠ: ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದು. ಲಸಿಕೆಯ ತರಬೇತಿಗೂ ಅವನನ್ನು ಕಳಿಸಿದ್ದರು. ಎರಡು ದಿನದ ತರಬೇತಿ. ಎರಡನೆಯ ದಿನ ಕೇಂದ್ರದಲ್ಲಿ ಕರೆಂಟ್ ಹೋಗಿದೆ ಎಂದು ಕೇಳಿ, ಪಾಠ ಬಿಟ್ಟು ಪೆಟ್ಟಿಗೆ ಕಾಯಲು ವಾಪಸು ಬಂದ. ಅವನ ನಿಷ್ಠೆಯನ್ನು ಮೆಚ್ಚಿ ನಾವೆಲ್ಲ ಚಹಾ ಕುಡಿಸಿದೆವು.

ಹೋದ ವರ್ಷದ ಬೇಸಿಗೆಯಲ್ಲಿ ಹೊತ್ತುಗೊತ್ತಿಲ್ಲದೆ ಕರೆಂಟ್ ಹೋಗತೊಡಗಿತು. ಐಸಣ್ಣನ ಜೀವ ಬಾಯಿಗೆ ಬಂದಿತ್ತು. ಬುಟ್ಟಿಯಲ್ಲಿರಬೇಕಾದ ಸೀಸೆಗಳನ್ನು ಎತ್ತಿ, ಪೆಟ್ಟಿಗೆಯ ತಳದಲ್ಲಿ ಮಂಜುಗಡ್ಡೆಗೆ ತಾಗಿಸಿ ಸಾಲಾಗಿ ಇಟ್ಟ. ಗಂಟಲುಮಾರಿ, ಧನುರ್ವಾಯು, ನಾಯಿಕೆಮ್ಮು ಮೂರಕ್ಕೂ ಸೇರಿ ಕೊಡುವ ಲಸಿಕೆ ಅದು. ಪೋಲಿಯೊ ಹನಿ ಹೆಪ್ಪುಗಟ್ಟಿದರೆ ಏನೂ ಆಗುವುದಿಲ್ಲ. ಇದು ಒಮ್ಮೆ ಹೆಪ್ಪುಗಟ್ಟಿತೋ, ಮುಗಿಯಿತು. ಕರಗಿದ ಮೇಲೆ ಮೇಲ್ನೋಟಕ್ಕೆ ಏನೂ ಗೊತ್ತಾಗುವುದಿಲ್ಲ, ಒಳಗೆ ಸತ್ವ ಮಾತ್ರ ಇರುವುದಿಲ್ಲ. ತರಬೇತಿಯ ಎರಡನೆಯ ದಿನದ ಪಾಠ ಇದೇ ಆಗಿತ್ತು.

ಥರ್ಮಾಮೀಟರು ಮೇಲಿನ ಬುಟ್ಟಿಯಲ್ಲೇ ಉಳಿಯಿತು. ಅದು ತೋರಿಸಿದ್ದು ಸರಿ, ಅವನು ಬರೆದದ್ದೂ ಸರಿ. ತಪಾಸಣೆಗೆ ಬಂದವರು ಪಟ್ಟಿ ನೋಡಿ ಭೇಷ್ ಎಂದು ಸಹಿ ಹಾಕಿ ಹೋದರು. ಕರೆಂಟ್ ಸರಿಹೋದ ಮೇಲೂ ಸೀಸೆಗಳು ತಳದಲ್ಲೇ ಇದ್ದವು, ಹೊಸದಾಗಿ ಬಂದವೂ ಅಲ್ಲಿಗೇ ಇಳಿದವು.

ಅವನ ಮಗಳಿಗೆ ಒಂದರ ಹಿಂದೆ ಒಂದು ಎರಡು ಮಕ್ಕಳು, ಮೊದಲು ಗಂಡು, ಆಮೇಲೆ ಹೆಣ್ಣು. ಇಬ್ಬರಿಗೂ ಎಲ್ಲ ಸೂಜಿ ಆ ಬೇಸಿಗೆಯಿಂದೀಚೆಗೆ ನಾನೇ ಹಾಕಿದೆ. ಮೊಮ್ಮಗಳ ಮೂರನೆಯ ಸೂಜಿಯ ದಿನ ಐಸಣ್ಣ ತಾನೇ ಸೀಸೆ ತಂದು ನನ್ನ ಅಂಗೈಯಲ್ಲಿಟ್ಟ.

"ಇದು ಎಲ್ಲಕ್ಕಿಂತ ತಳದಲ್ಲಿದ್ದದ್ದು ಸಿಸ್ಟರಮ್ಮ. ಬೆಳಿಗ್ಗೆ ತೆಗೆಯೋವಾಗ ಬೆರಳೇ ಅಂಟ್ಕೊಳ್ತು. ನಮ್ಮ ಪುಟ್ಟಿಗೆ ಇದನ್ನೇ ಹಾಕಿ."

ಬೆರಳು ಅಂಟಿಕೊಂಡಿತು ಎಂದ. ಆ ಮಾತು ನನ್ನ ಕಿವಿಗೆ ಬಿತ್ತು. ತರಬೇತಿಯ ಎರಡೂ ದಿನ ನಾನು ಕೂತಿದ್ದೆ, ಪ್ರಮಾಣಪತ್ರವೂ ಇದೆ. ಆದರೂ ಸೀಸೆಯ ಮೇಲಿನ ತಾರೀಖು ನೋಡಿದೆ, ಚುಚ್ಚಿದೆ, ಕಾರ್ಡಿನಲ್ಲಿ ಸಹಿ ಹಾಕಿದೆ. ಹೊರಗೆ ಎಂಬತ್ತು ಜನ ಕಾಯುತ್ತಿದ್ದರು ಎನ್ನುವುದು ನೆಪ, ನನಗೆ ಗೊತ್ತು.

ಐದು ತಿಂಗಳು ತುಂಬಿದಾಗ ಮಗುವಿಗೆ ನೆಗಡಿಯಾಯಿತು. ವಾರ ಕಳೆದ ಮೇಲೆ ಕೆಮ್ಮು ಬಿಡದೆ ಹಿಡಿಯಿತು. ಕೆಮ್ಮಿ ಕೆಮ್ಮಿ ಮುಖ ನೀಲಿಗಟ್ಟುತ್ತಿತ್ತು, ಕುಡಿದ ಹಾಲೆಲ್ಲ ಹೊರಗೆ ಬರುತ್ತಿತ್ತು. ದೊಡ್ಡ ಮಕ್ಕಳಾದರೆ ಕೊನೆಯಲ್ಲಿ ಕೂಗಿದ ಹಾಗೆ ಉಸಿರೆಳೆದುಕೊಳ್ಳುತ್ತವೆ. ಇದಕ್ಕೆ ಅಷ್ಟು ಶಕ್ತಿಯಿರಲಿಲ್ಲ, ಸುಮ್ಮನೆ ಉಸಿರು ನಿಲ್ಲಿಸಿಬಿಡುತ್ತಿತ್ತು. ಆಸ್ಪತ್ರೆಯ ಡಾಕ್ಟರು ಕಾರ್ಡು ತಿರುವಿ ನೋಡಿ, "ಮೂರೂ ಸೂಜಿ ಆಗಿದೆಯಲ್ಲ, ನಾಯಿಕೆಮ್ಮು ಇರಲಾರದು" ಎಂದು ಬೇರೆ ಔಷಧಿ ಕೊಟ್ಟರು. ನನ್ನ ಸಹಿಯನ್ನು ನಂಬಿ ಐದು ದಿನ ಕಳೆದರು. ಆರನೆಯ ದಿನ ಮಧ್ಯಾಹ್ನ ಪುಟ್ಟಿ ತಾಯಿಯ ಮಡಿಲಲ್ಲೇ ಹೋಯಿತು.

ಅಷ್ಟರಲ್ಲಿ ನಮ್ಮ ಬೀದಿಗಳಲ್ಲಿ ಇನ್ನೂ ನಾಲ್ಕು ಮಕ್ಕಳು ಹಾಗೇ ಕೆಮ್ಮುತ್ತಿದ್ದವು. ಪಕ್ಕದ ಕೇಂದ್ರದ ಕಡೆ ಒಂದು ಮಗುವಿಗೂ ಇಲ್ಲ. ಮೇಲಿನ ಕಚೇರಿಯಿಂದ ಡಾಕ್ಟರಮ್ಮ ಬಂದರು. ಪಟ್ಟಿ ನೋಡಲಿಲ್ಲ, ನೇರವಾಗಿ ಪೆಟ್ಟಿಗೆಯ ತಳಕ್ಕೆ ಕೈ ಹಾಕಿದರು. ನಮ್ಮದೊಂದು ಸೀಸೆ ಕರಗಿದ ಮೇಲೆ, ಪಕ್ಕದ ಕೇಂದ್ರದಿಂದ ತಂದ ಸೀಸೆಯ ಜೊತೆ ಕುಲುಕಿ ಮೇಜಿನ ಮೇಲಿಟ್ಟರು. ಅರ್ಧ ಗಂಟೆ ಕಾದೆವು. ಅವರದು ಹಾಲಿನ ಹಾಗೆ ಒಂದೇ ಸಮ ಇತ್ತು. ನಮ್ಮದರಲ್ಲಿ ಮೇಲೆ ಬರೀ ತಿಳಿನೀರು, ತಳದಲ್ಲಿ ಬಿಳಿ ಚೂರು.

"ಇದು ಹೆಪ್ಪುಗಟ್ಟಿ ಕೆಟ್ಟಿದೆ. ಯಾರು ಇಟ್ಟದ್ದು ತಳದಲ್ಲಿ?"

"ನಾನೇ, ಅಮ್ಮ" ಎಂದ ಐಸಣ್ಣ. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಪುಟ್ಟಿಗೆ ಹಾಕಿದ್ದೂ ತಳದ್ದೇ ಅಲ್ವಾ?" ಎಂದು ಕೇಳಿದ. ಗೊತ್ತಿದ್ದೂ ಕೇಳಿದ. ನಾನು ಹೌದೆಂದು ತಲೆಯಾಡಿಸಿದೆ.

ಹದಿನಾರು ತಿಂಗಳಲ್ಲಿ ಸೂಜಿ ಹಾಕಿಸಿಕೊಂಡ ಇನ್ನೂರ ಹನ್ನೆರಡು ಮಕ್ಕಳಿಗೆ ಮತ್ತೆ ಹಾಕಬೇಕಾಯಿತು. ತಾಯಂದಿರನ್ನು ಅಂಗಳಕ್ಕೆ ಕರೆಸಿದೆವು. ಪೆಟ್ಟಿಗೆಯಲ್ಲಿ ದೋಷವಿತ್ತು ಎಂದರೆ ಸಾಕು ಎಂದು ಡಾಕ್ಟರಮ್ಮ ಹೇಳಿಕೊಟ್ಟಿದ್ದರು. ಐಸಣ್ಣ ಎದ್ದು ನಿಂತು, "ಪೆಟ್ಟಿಗೆ ಚೆನ್ನಾಗೇ ಇತ್ತು. ಕೆಡಿಸಿದ್ದು ನಾನು. ದಯವಿಟ್ಟು ಇನ್ನೊಂದ್ಸಲ ಹಾಕಿಸ್ಕೊಳ್ಳಿ, ಇದೊಂದೇ ಮಕ್ಕಳನ್ನ ಕಾಯೋದು" ಎಂದ. ಒಬ್ಬಳು ಅವನ ಮುಖಕ್ಕೇ ಉಗಿದಳು. ನಿಜ ಹೇಳಿದ್ದಕ್ಕೆ ಸಿಕ್ಕ ಮರ್ಯಾದೆ ಇಷ್ಟು. ಮರುವಾರ ಬಂದ ಮಕ್ಕಳು ಅರವತ್ತೊಂದು.

ಉಳಿದ ಮನೆಗಳಿಗೆ ನಾವಿಬ್ಬರೂ ಕಾಲ್ನಡಿಗೆಯಲ್ಲಿ ಹೋದೆವು. ಕೆಲವರು ಬಂದರು, ಹೆಚ್ಚಿನವರು ಬಾಗಿಲು ಹಾಕಿಕೊಂಡರು. ಮಗಳ ಮನೆಯನ್ನು ಅವನು ಕೊನೆಗೆ ಇಟ್ಟುಕೊಂಡಿದ್ದ. ಮೊಮ್ಮಗನಿಗೆ ಆಸ್ಪತ್ರೆಯವರು ಮುಂಜಾಗ್ರತೆಗೆ ಔಷಧಿ ಕುಡಿಸಿದ್ದರು, ಹುಡುಗ ಸದ್ಯಕ್ಕೆ ಪಾರಾಗಿದ್ದ. ಆದರೆ ಅವನಿಗೆ ಹಾಕಿದ್ದ ಸೂಜಿಗಳೂ ಬರೀ ನೀರು.

ಮೂರನೆಯ ಮಹಡಿ. ಮಗಳು ಬಾಗಿಲು ಅರ್ಧ ತೆರೆದು, ಚೌಕಟ್ಟಿಗೆ ಕೈ ಕೊಟ್ಟು ನಿಂತಳು. ಹುಡುಗ ಅವಳ ಕಾಲಿನ ಸಂದಿಯಿಂದ ತಾತನನ್ನು ನೋಡಿ ನಕ್ಕ.

"ಸೂಜಿ ತಂದಿದೀವಿ ಮಗಳೇ" ಎಂದ ಐಸಣ್ಣ.

"ಬೇಡ ಅಪ್ಪಾ."

"ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ. ಅವನಿಗೊಂದು ಹಾಕಿಸು. ಇದು ಒಳ್ಳೇದಿದೆ, ನಾನೇ ನೋಡಿ ತಂದಿದೀನಿ."

ಅವಳು ಸಿಟ್ಟಾಗಲಿಲ್ಲ, ಅಳಲಿಲ್ಲ. ಹುಡುಗನನ್ನು ಒಳಕ್ಕೆ ಸರಿಸುತ್ತ ಮೆಲ್ಲಗೆ ಕೇಳಿದಳು. "ಅದನ್ನೂ ನೀನೇ ನೋಡಿ ತಂದಿದ್ದೆ ಅಲ್ವಾ ಅಪ್ಪಾ?"

ನಾನು ಬಾಯಿ ತೆರೆದೆ. ಡಾಕ್ಟರಮ್ಮ ಸ್ವತಃ ಪರೀಕ್ಷೆ ಮಾಡಿದ ಸೀಸೆ, ಬೇರೆ ಕೇಂದ್ರದ ಸೀಸೆ, ಎಲ್ಲ ಹೇಳಬೇಕೆಂದುಕೊಂಡೆ. ಅವಳು ನನ್ನ ಮುಖ ನೋಡಿದಳು. ಕಾರ್ಡಿನ ಸಹಿ ಯಾರದೆಂದು ಅವಳಿಗೆ ಗೊತ್ತಿತ್ತು.

ಬಾಗಿಲು ಮುಚ್ಚಿಕೊಂಡಿತು, ಚಿಲಕ ಬಿತ್ತು. ಒಳಗಿನಿಂದ ಹುಡುಗ "ತಾತಾ" ಎಂದು ಬಾಗಿಲು ಬಡಿಯುತ್ತಿದ್ದ. ಐಸಣ್ಣ ಮೆಟ್ಟಿಲ ಮೇಲೆ ಕೂತ. ಬಡಿಯುವುದು ನಿಲ್ಲುವವರೆಗೂ ನಾವಿಬ್ಬರೂ ಅಲ್ಲೇ ಇದ್ದೆವು. ಬಾಗಿಲು ಮತ್ತೆ ತೆರೆಯಲಿಲ್ಲ.